ಹುಟ್ಟದ ಕಳ್ಳನಿಗೆ ಹಾಕಿದ ಕೀಲಿ

ಮೂವತ್ತೆರಡನೇ ವಯಸ್ಸಿನಲ್ಲಿ ನಿವೃತ್ತರ ಧಾಟಿಯಲ್ಲಿ ಬರೆಯುವುದು ಸ್ವಲ್ಪ ಅತಿಯಾಯಿತೇನೋ. ಆದರೆ ಕೊಪ್ಪಳದ ಕಚೇರಿಯೊಂದರಲ್ಲಿ ನಾನು ಆರು ವರ್ಷ ಕೂತ ಕುರ್ಚಿಗೆ ಈಗ ಇಬ್ಬರು ಹೊಸಬರು ಬರುತ್ತಿದ್ದಾರೆ. ಕುರ್ಚಿ ಒಂದೇ, ಅದನ್ನು ಅವರೇ ಬಗೆಹರಿಸಿಕೊಳ್ಳಲಿ. ಕೆಲಸ ಹೇಗಿರುತ್ತದೆ ಎಂದು ಇಬ್ಬರೂ ಫೋನ್ ಮಾಡಿ ಕೇಳಿದರು. ಫೋನಿನಲ್ಲಿ ಮಾತಾಡುವುದು ನನಗೆ ಒಗ್ಗುವುದಿಲ್ಲ, ಬರೆದು ಕಳಿಸುತ್ತೇನೆ ಎಂದೆ. ಹಾಗಾಗಿ ಇದು.

ನಾನು ಯಾಕೆ ಬಿಟ್ಟೆ ಎಂಬುದು ನನ್ನ ಸ್ವಂತ ವಿಷಯ. ಬಡ್ತಿಯ ಮಾತೂ ಬೇಡ. ಐದು ಜನರ ಕಚೇರಿಯಲ್ಲಿ ಬಡ್ತಿ ಎಂದರೆ ಕಿಟಕಿಯ ಪಕ್ಕದ ಮೇಜು, ಅದು ನನಗೆ ಎರಡನೇ ವರ್ಷವೇ ಸಿಕ್ಕಿತು. ನಾನು ಹೇಳಬೇಕಾದ್ದು ಒಂದೇ ಕೆಲಸದ ಕಥೆ. ಆ ಕೆಲಸದ ಮಧ್ಯೆ ನಾನು ಒಂದು ಕಾಗದಕ್ಕೆ ಸಹಿ ಹಾಕಿದೆ. ಅದರಲ್ಲಿದ್ದ ಪ್ರತಿ ಮಾತೂ ನಿಜವಾಗಿತ್ತು. ಆ ಕಾಗದದಿಂದ ಕುಷ್ಟಗಿಯ ಶಹನಾಜ್ ಬೇಗಂ ಅವರ ನೌಕರಿ ಹೋಗುವುದರಲ್ಲಿತ್ತು.

ನಮ್ಮ ಗಿರಾಕಿ ಕೊಪ್ಪಳದ ಒಬ್ಬ ಡಾಕ್ಟರು. ಅವರಿಗೆ ಊರಲ್ಲಿ ರಕ್ತಪರೀಕ್ಷೆಯ ದೊಡ್ಡ ಲ್ಯಾಬ್ ಇತ್ತು. ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ರಕ್ತ ತೆಗೆದುಕೊಳ್ಳುವ ಮೂರು ಸಣ್ಣ ಸೆಂಟರ್‌ಗಳು. ಅಲ್ಲಿ ತೆಗೆದ ರಕ್ತ ಐಸ್ ಡಬ್ಬಿಯಲ್ಲಿ ಬಸ್ ಹತ್ತಿ ಕೊಪ್ಪಳಕ್ಕೆ ಬರುತ್ತಿತ್ತು. ರಿಪೋರ್ಟುಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು ವಾಪಸ್ ಕಳಿಸುತ್ತಿದ್ದರು. ಒಮ್ಮೆ ಗಂಗಾವತಿಯ ಹದಿನಾಲ್ಕು ಜನರ ರಿಪೋರ್ಟು ಯಾರದೋ ಮದುವೆಯ ಅಡುಗೆಯವರ ಗ್ರೂಪಿಗೆ ಹೋಯಿತು. ಆ ಕಡೆಯಿಂದ "ಎಷ್ಟ್ ಮಂದಿಗೆ ಸಪ್ಪನ ಅಡಗಿ ಮಾಡಬೇಕ್ರಿ?" ಎಂದು ಉತ್ತರ ಬಂತು. ಅದಾದ ಮೇಲೆ ಡಾಕ್ಟರು ನಮ್ಮ ಕಚೇರಿಗೆ ಬಂದರು.

ನಮ್ಮ ಯಜಮಾನರು ವಿರೂಪಾಕ್ಷಪ್ಪ ಸರ್. ಮೊದಲು ಟೈಪಿಂಗ್ ಕ್ಲಾಸು ನಡೆಸುತ್ತಿದ್ದವರು, ಆಮೇಲೆ ಗಿಣಿಗೇರಾ ಕಡೆಯ ಕಾರ್ಖಾನೆಗಳಿಗೆ ಹಾಜರಿ ಹಾಕುವ ಸಾಫ್ಟ್‌ವೇರ್ ಮಾಡಿಕೊಟ್ಟವರು. ಗಿರಾಕಿ ಏನು ಕೇಳಿದರೂ "ಐತ್ರಿ" ಎನ್ನುವುದು ಅವರ ಪದ್ಧತಿ. ಹಾಗೆ ಅಂದದ್ದನ್ನು ಇರುವಂತೆ ಮಾಡುವುದು ನಮ್ಮ ಕೆಲಸ.

"ಕ್ವಾಂಟಮ್ ಕಂಪ್ಯೂಟರ್ ಬಂದ್ರ ಈಗಿನ ಕೀಲಿ ಎಲ್ಲಾ ಮುರೀತಾವಂತ ಓದೀನ್ರಿ," ಎಂದರು ಡಾಕ್ಟರು. "ಮುರೀಲಾರದಂಥಾ ಕೀಲಿ ನಿಮ್ಮ ಹತ್ರ ಐತೇನು?"

"ಐತ್ರಿ," ಎಂದರು ಸರ್.

ಆ ಹೊತ್ತಿಗೆ ಇದ್ದದ್ದು ನಾನು, ಮತ್ತು ನಾನು ಅರ್ಧ ಓದಿದ್ದ ಒಂದು ಲೇಖನ.

ಉಳಿದರ್ಧ ಓದಲು ಮೂರು ತಿಂಗಳು ಹಿಡಿಯಿತು. ಸಂಗತಿ ಸರಳ. ಈಗಿನ ಕೀಲಿಗಳೆಲ್ಲ ನಿಂತಿರುವುದು ಮಾಮೂಲಿ ಯಂತ್ರಗಳಿಗೆ ಬಿಡಿಸಲಾಗದ ಕೆಲವು ಲೆಕ್ಕಗಳ ಮೇಲೆ. ಸಾಕಷ್ಟು ದೊಡ್ಡ ಕ್ವಾಂಟಮ್ ಯಂತ್ರ ಬಂದರೆ ಆ ಲೆಕ್ಕ ಬಿಡಿಸಿಬಿಡುತ್ತದೆ. ಅಂಥ ಯಂತ್ರ ಇನ್ನೂ ಬಂದಿಲ್ಲ. ಆದರೆ ಕಳ್ಳನಾದವನು ಕೀಲಿ ಹಾಕಿದ ಪೆಟ್ಟಿಗೆಯನ್ನು ಇವತ್ತೇ ಕದ್ದಿಟ್ಟುಕೊಂಡು, ಯಂತ್ರ ಬಂದ ದಿನ ತೆಗೆಯಬಹುದು. ಒಬ್ಬರ ರಕ್ತದ ಗುಟ್ಟು ಅವರು ಬದುಕಿರುವಷ್ಟು ಕಾಲ ಗುಟ್ಟಾಗಿರಬೇಕು. ಆದ್ದರಿಂದ ಆ ಯಂತ್ರಕ್ಕೂ ಬಗ್ಗದ ಬೇರೆ ಜಾತಿಯ ಲೆಕ್ಕದ ಮೇಲೆ ನಿಂತ ಕೀಲಿಯನ್ನು ಈಗಲೇ ಹಾಕಬೇಕು. ನಾವು ಹಳೆಯದು ಹೊಸದು ಎರಡನ್ನೂ ಒಟ್ಟಿಗೆ ಹಾಕಿದೆವು. ಹೊಸದರ ಮೇಲೆ ನನಗೂ ಪೂರ್ತಿ ನಂಬಿಕೆ ಇರಲಿಲ್ಲ.

ಕೆಲಸ ಮುಗಿದ ಮೇಲೆ ಮೂರೂ ಸೆಂಟರ್‌ನವರನ್ನು ಕೊಪ್ಪಳಕ್ಕೆ ಕರೆಸಿ ತರಬೇತಿ ಕೊಟ್ಟೆವು. ಶಹನಾಜ್ ಅಕ್ಕನನ್ನು ನಾನು ಮೊದಲು ನೋಡಿದ್ದು ಅಲ್ಲೇ. ನಲವತ್ತು ದಾಟಿದವರು, ಹದಿನೇಳು ವರ್ಷದಿಂದ ಕುಷ್ಟಗಿಯಲ್ಲಿ ರಕ್ತ ತೆಗೆಯುತ್ತಿದ್ದರು. ಅಳುವ ಕೂಸಿನ ಕೈಯಲ್ಲೂ ಒಂದೇ ಸಲಕ್ಕೆ ನರ ಹಿಡಿಯುತ್ತಾರೆ ಎಂಬ ಹೆಸರಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಕೈ ಎತ್ತಿದರು.

"ಅಂದ್ರ ಮೇಡಂ, ಇನ್ನೂ ಹುಟ್ಟದ ಕಳ್ಳಗ ಈಗ ಕೀಲಿ ಹಾಕೀರಿ. ಹುಟ್ಟಿದ ಕಳ್ಳರಿಗೆ?"

"ಅವರಿಗೂ ಇದೇ ಕೀಲಿ ಅಕ್ಕಾ."

"ಹಂಗಾರ ಛಲೋ ಆತು. ನಮ್ಮ ಕಡೆ ಹುಟ್ಟಿದವರ ಭಾಳ ಅದಾರ."

ಅವರ ಜೊತೆ ಬಂದಿದ್ದವನು ಕುಷ್ಟಗಿ ಸೆಂಟರಿನ ಅಟೆಂಡರ್ ಹನಮಪ್ಪ. ತರಬೇತಿಯಲ್ಲಿ ನಾನು ಪದೇ ಪದೇ ಹೇಳಿದ ಕಂಟೇನರ್ ಎಂದರೆ ಏನೆಂದು ಅವನಿಗೆ ತಿಳಿಯಬೇಕಿತ್ತು. ಹೊಲಕ್ಕೆ ಒಯ್ಯುವ ಬುತ್ತಿ ಇದ್ದ ಹಾಗೆ ಎಂದೆ. ರೊಟ್ಟಿ, ಪಲ್ಯ, ಚಟ್ನಿಪುಡಿ, ಉಳ್ಳಾಗಡ್ಡಿ ಎಲ್ಲ ಒಂದೇ ಬಟ್ಟೆಯಲ್ಲಿ ಕಟ್ಟಿರುತ್ತದೆ. ಯಾವ ಹೊಲದಲ್ಲಿ ಬಿಚ್ಚಿದರೂ ಅಲ್ಲಿ ಏನೂ ಬೇಡಬೇಕಾಗಿಲ್ಲ. ನಮ್ಮ ಪ್ರೋಗ್ರಾಮೂ ಹಾಗೆ. ಅದಕ್ಕೆ ಬೇಕಾದದ್ದನ್ನೆಲ್ಲ ಒಟ್ಟಿಗೆ ಕಟ್ಟಿ ಕಳಿಸಿದ್ದೇವೆ, ನಿಮ್ಮ ಸೆಂಟರಿನ ಸಣ್ಣ ಪೆಟ್ಟಿಗೆಯಲ್ಲಿ ಬಿಚ್ಚಿಕೊಳ್ಳುತ್ತದೆ, ನೀವು ಬ್ರೌಸರ್ ತೆರೆದು ನೋಡಿದರೆ ಸಾಕು.

"ಪಲ್ಯ ಹಳಸಿದ್ರ?"

"ಪಲ್ಯ ಅಷ್ಟ ಬದಲಿ ಮಾಡಂಗಿಲ್ಲ. ಇಡೀ ಬುತ್ತಿ ಒಗದು ಹೊಸಾ ಬುತ್ತಿ ಕಳಸ್ತೀವಿ."

"ಹೆಂಡ್ತಿ ಬೈಯಂಗಿಲ್ಲೇನ್ರಿ?"

ಆ ಕಸುಬಿನಲ್ಲಿ ಇದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಪ್ರಶ್ನಿಸಿದ್ದು ನಾನು ಕೇಳಿಲ್ಲ.

ಮೊದಲ ಬುತ್ತಿ ಹಳಸಿದ್ದು ಗಂಗಾವತಿಯಲ್ಲಿ. ಅಲ್ಲಿಯ ಸೆಂಟರ್ ನೋಡಿಕೊಳ್ಳುವ ರಾಯರು ಮಹಾ ಎಚ್ಚರಿಕೆಯ ಮನುಷ್ಯ. ಸಂಜೆ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚನ್ನೇ ಕೆಳಗೆಳೆದು ಹೋಗುತ್ತಿದ್ದರು. ಪೆಟ್ಟಿಗೆಯೊಳಗಿನ ಗುಂಡಿಯಷ್ಟು ಬ್ಯಾಟರಿ ಸತ್ತಿತ್ತು. ಹಾಗಾಗಿ ಪ್ರತಿದಿನ ಬೆಳಿಗ್ಗೆ ಅದರ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿ ನಿಲ್ಲುತ್ತಿತ್ತು. ನಮ್ಮ ಕೀಲಿಯ ಜೊತೆ ಹೋಗುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ರಾಯರು ಫೋನ್ ಮಾಡಿದರು.

"ಅಮ್ಮಾ, ಇದೇನೋ ನಿಮ್ಮ ಸರ್ಟಿಫಿಕೇಟು ಇನ್ನೂ ಶುರುನೇ ಆಗಿಲ್ಲ ಅಂತಿದೆ. ನಾನು ಇಲ್ಲಿ ಪೇಷಂಟ್ ಇಟ್ಟುಕೊಂಡು ಎಷ್ಟು ವರ್ಷ ಕಾಯಬೇಕು?"

ಮುಂದೆ ಹುಟ್ಟುವ ಯಂತ್ರಕ್ಕೆ ಸಿದ್ಧವಾದ ನಮ್ಮ ಪೆಟ್ಟಿಗೆ ಗಂಗಾವತಿಯಲ್ಲಿ ಹಿಂದಿನ ಕಾಲದಲ್ಲಿ ಕೂತಿತ್ತು. ಹೊಸ ಬ್ಯಾಟರಿ ಹಾಕಿಸಿದೆ. ಸ್ವಿಚ್ಚಿನ ಮೇಲೆ "ಎಳೆಯಬೇಡಿ" ಎಂದು ಚೀಟಿ ಅಂಟಿಸಿದೆ. ರಾಯರು ಆ ಚೀಟಿಯನ್ನು ಬಗ್ಗಿ ಓದಿ, ಆಮೇಲೆ ಎಳೆಯುತ್ತಿದ್ದರು.

ಯಲಬುರ್ಗಾದ ತೊಂದರೆ ಬೇರೆ. ಹಳೆಯ ಕೀಲಿ ಮೂವತ್ತೆರಡು ಬೈಟಿನದು. ಹೊಸದು ಸಾವಿರಕ್ಕೂ ಹೆಚ್ಚು. ಎರಡು ಯಂತ್ರಗಳು ಮಾತಿಗೆ ಮೊದಲು ಮಾಡುವ, ಕೀಲಿ ಹೊತ್ತ ನಮಸ್ಕಾರದ ಸಂದೇಶ ಒಂದು ಲಕೋಟೆಯಲ್ಲಿ ಹಿಡಿಸದೆ ಎರಡಾಗಿ ಹೋಗುತ್ತಿತ್ತು. ಅಲ್ಲಿದ್ದದ್ದು ಮುನಿರಾಬಾದಿನ ಕಾಲೊನಿಯಿಂದ ಯಾರೋ ಬಿಟ್ಟುಹೋದ ಹಳೆಯ ರೌಟರ್. ಅದು ಎರಡಾಗಿ ಬಂದ ನಮಸ್ಕಾರವನ್ನು ಕಂಡರಾಗದೆ ಬಿಸಾಡುತ್ತಿತ್ತು. ಹನ್ನೊಂದು ದಿನ ನಾನು ನನ್ನ ಕೋಡನ್ನೇ ಕೆದಕಿದೆ. ಕಡೆಗೆ ಅಲ್ಲಿಯ ಶೇಖಪ್ಪನಿಗೆ ವಿಷಯ ವಿವರಿಸಿದಾಗ ಅವನು ಡಾಕ್ಟರಿಗೆ ಹೀಗೆ ವರದಿ ಮಾಡಿದ: "ಬಾಯಾರ ಕೀಲಿ ದಪ್ಪ ಆಗೇತಂತ್ರಿ, ನಮ್ಮ ಬಾಗಿಲದಾಗ ತೂರವಲ್ದಂತ." ರೌಟರ್ ಬದಲಾಯಿತು. ಅಲ್ಲಿ ಮೇಡಂಗೆ ಬಾಯಾರು ಎನ್ನುತ್ತಾರೆ; ನನ್ನ ಅಡ್ಡಹೆಸರಾಗಿ "ದಪ್ಪ ಕೀಲಿ ಬಾಯಾರು" ಯಲಬುರ್ಗಾದಲ್ಲಿ ಉಳಿಯಿತು.

ಇವೆಲ್ಲ ಸಣ್ಣ ತಪ್ಪುಗಳು. ದೊಡ್ಡದು ಹೆಸರುಗಳಲ್ಲಿ ಕಾದಿತ್ತು.

ಕುಷ್ಟಗಿಯ ಸೆಂಟರಿಗೆ ಒಂದು ಬೆಳಿಗ್ಗೆ ಆರು ಜನ ಬಸವರಾಜರು ಬರುವುದು ವಿಶೇಷವಲ್ಲ. ಮೊಬೈಲ್ ನಂಬರಿನಿಂದ ಗುರುತಿಸಬಹುದೆಂದು ನಾನು ಮೊದಲು ಅಂದುಕೊಂಡಿದ್ದೆ. ಆದರೆ ಹಳ್ಳಿಯಿಂದ ಒಟ್ಟಿಗೆ ಟಂಟಂ ಆಟೊದಲ್ಲಿ ಬಂದವರೆಲ್ಲ ಡ್ರೈವರನ ನಂಬರನ್ನೇ ಬರೆಸುತ್ತಿದ್ದರು. ರಿಪೋರ್ಟು ತರುವವನು ಅವನೇ ತಾನೆ. ಊರ ಹೆಸರು ಸೇರಿಸಿ ನೋಡಿದೆ. ಒಂದೇ ಊರಿಂದ ಮೂವರು ಯಮನೂರಪ್ಪರು ಬಂದರು. ಟೋಕನ್ ಚೀಟಿ ಕೊಟ್ಟರೆ ಅದರಲ್ಲಿ ತಂಬಾಕು ಸುತ್ತಿಕೊಳ್ಳುತ್ತಿದ್ದರು. ಕಡೆಗೆ ನಾನು ನಮೂನೆಯಲ್ಲಿ "ಗುರುತು" ಎಂದು ಒಂದು ಖಾನೆ ಸೇರಿಸಿದೆ. ತುಂಬದಿದ್ದರೆ ಮುಂದಕ್ಕೆ ಹೋಗದಂತೆ ಮಾಡಿದೆ.

ಶಹನಾಜ್ ಅಕ್ಕನ ಫೋನ್ ಬಂತು. "ಮೇಡಂ, ಈ ಗುರುತಿನಾಗ ಏನ್ ಬರೀಲಿ?"

"ನಿಮಗ ಗುರುತು ಸಿಗೂವಂಥಾದ್ದು ಏನರ ಬರೀರಿ ಅಕ್ಕಾ."

"ನನಗ ಮಂದಿ ಮುಖ ನೆನಪ ಇರಂಗಿಲ್ರಿ. ಯಾವ ಟೆಸ್ಟಿಗೆ ಬಂದಾರ ಅನ್ನೂದು ನೆನಪಿರ್ತೈತಿ. ಅದನ್ನ ಬರೀಲೇನು? ಯಾರರ ನೋಡಿದ್ರ?"

"ನಿಮ್ಮ ಬಿಟ್ಟು ಯಾರೂ ನೋಡಂಗಿಲ್ಲ. ಕ್ವಾಂಟಮ್ ಕಂಪ್ಯೂಟರ್ ಬಂದ್ರೂ ನೋಡಂಗಿಲ್ಲ," ಎಂದೆ. ಅಪರೂಪಕ್ಕೆ ಒಂದು ತಮಾಷೆ ಮಾಡಿದ ಖುಷಿಯಲ್ಲಿ ಫೋನ್ ಇಟ್ಟೆ.

ನಾಲ್ಕು ತಿಂಗಳ ನಂತರ ಯಲಬುರ್ಗಾದ ಶೇಖಪ್ಪ ಒಂದು ಬೇಡಿಕೆ ಇಟ್ಟ. ರಿಪೋರ್ಟು ಬಂದವರ ಹೆಸರು ಕೂಗಿ ಕೂಗಿ ಅವನ ಗಂಟಲು ಕಟ್ಟಿತ್ತು. ಕಾಯುವ ಹಾಲಿನಲ್ಲಿ ಒಂದು ಟಿವಿ ಹಾಕಿ ಹೆಸರು ತೋರಿಸಿ ಎಂದ. ಅರ್ಧ ದಿನದ ಕೆಲಸ. ಬರೀ ಹೆಸರು ತೋರಿಸಿದರೆ ಒಬ್ಬ ಬಸವರಾಜನ ಬದಲು ಆರು ಜನ ಏಳುತ್ತಾರೆ ಎಂದು ಪಕ್ಕದಲ್ಲಿ ಗುರುತನ್ನೂ ಸೇರಿಸಿದೆ. ಶೇಖಪ್ಪ ಟಿವಿಯ ಫೋಟೊ ಕಳಿಸಿದ. "ದೇವಪ್ಪ – ತೋಟದ ಮನಿ", "ಬಸವರಾಜ – ಹಿಟ್ಟಿನ ಗಿರಣಿ". ಅಚ್ಚುಕಟ್ಟಾಗಿ ಕಂಡಿತು. ಡಾಕ್ಟರಿಗೂ ಹಿಡಿಸಿ ಮೂರೂ ಕಡೆ ಟಿವಿ ಹಾಕಿಸಿದರು. ನಾನು ಕೊಪ್ಪಳದಲ್ಲಿ ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು ಹೊಸ ಬುತ್ತಿ ಕಳಿಸಿದೆ. ಯಾವ ಊರಿಗೂ ಹೋಗಿ ನೋಡಲಿಲ್ಲ.

ಹೊಸಬರೇ, ಇಲ್ಲಿಗೆ ನಿಮಗೆ ಗೊತ್ತಾಗಿರಬಹುದು. ನನಗೆ ಇನ್ನೂ ಐದು ವಾರ ಗೊತ್ತಾಗಲಿಲ್ಲ.

ಒಂದು ದಿನ ಡಾಕ್ಟರ ಕೊಠಡಿಗೆ ಕುಷ್ಟಗಿ ಕಡೆಯ ಬಸವರಾಜ ಗೌಡರು ಎಂಬುವವರು ನುಗ್ಗಿದರು. ಅವತ್ತು ನಾನೂ ಬೇರೆ ಕೆಲಸಕ್ಕೆ ಅಲ್ಲಿದ್ದೆ. ಗೌಡರಿಗೆ ಮೂರು ವರ್ಷದಿಂದ ಸಕ್ಕರೆ ಕಾಯಿಲೆ. ಹೆಂಡತಿಗೆ ಹೇಳಿರಲಿಲ್ಲ. ಯಾಕೆ ಎಂಬುದನ್ನು ಅವರೇ ಹೇಳಿದರು.

"ಮನ್ಯಾಗ ಗೋದಿ ಹುಗ್ಗಿ ಬಂದ್ ಆತ್ರಿ! ಹೋಳಿಗಿ ಬಂದ್ ಆತು. ಚಾದಾಗ ಸಕ್ಕರಿ ಇಲ್ಲ. ನನ್ನ ಹೇಣ್ತಿ ತಮ್ಮಗ ಗೊತ್ತಾಗಿ ಅಕಿಗೆ ಹೇಳ್ಯಾನ. ಅವಂಗ ಯಾರ ಹೇಳಿದ್ರು? ನಿಮ್ಮ ಸೆಂಟರಿನಾಗಿಂದ ಹೊರಗ ಬಂದೈತಿ!"

"ಗೌಡ್ರ, ಹುಗ್ಗಿ ಬಿಟ್ಟದ್ದು ಒಳ್ಳೇದ ಆತಲ್ರಿ," ಎಂದರು ಡಾಕ್ಟರು.

"ಅದು ಬ್ಯಾರೆ ಮಾತ್ರಿ. ಗುಟ್ಟು ಅಂದ್ರ ಗುಟ್ಟು."

ಗೌಡರ ಮಾತಿನಲ್ಲಿ ನ್ಯಾಯವಿತ್ತು. ಅದೇ ವಾರ ಇನ್ನೂ ಎರಡು ದೂರು ಬಂದವು. ಅದರಲ್ಲಿ ಒಂದು ಮದುವೆ ಗೊತ್ತಾಗಿದ್ದ ಹುಡುಗಿಯದು. ಅದನ್ನು ಇಲ್ಲಿ ಬರೆಯುವುದಿಲ್ಲ, ತಮಾಷೆಯದಲ್ಲ. ಮೂರೂ ಕುಷ್ಟಗಿಯವು. ಡಾಕ್ಟರು ನನ್ನನ್ನು ಕೂರಿಸಿ ಕೇಳಿದರು: ಸಾಫ್ಟ್‌ವೇರಿನಿಂದ ಸೋರಿರಬಹುದೇ?

ನಾನು ಎರಡು ದಿನ ದಾಖಲೆಗಳನ್ನೆಲ್ಲ ಜಾಲಾಡಿದೆ. ಒಬ್ಬ ಅಪರಿಚಿತ ಸಿಕ್ಕಿದ. ಭಾನುವಾರ ಮಧ್ಯಾಹ್ನ ಗೊತ್ತಿಲ್ಲದ ಜಾಗದಿಂದ ನಾಲ್ಕು ಸಲ ಬಾಗಿಲು ತಟ್ಟಿದ್ದ. ಹುಟ್ಟದ ಕಳ್ಳ ಅವಧಿಗೆ ಮೊದಲೇ ಹುಟ್ಟಿಬಿಟ್ಟನೇ? ಬೆನ್ನು ಹತ್ತಿದರೆ ವಿರೂಪಾಕ್ಷಪ್ಪ ಸರ್. ಮಾವನ ಮನೆಯಲ್ಲಿ ಕೂತು ಬೀಗರಿಗೆ ಕ್ವಾಂಟಮ್ ತೋರಿಸಿದ್ದರು. ತೋರಿಸಿದ್ದು ಲಾಗಿನ್ ಪುಟವನ್ನು ಮಾತ್ರ. ಪಾಸ್‌ವರ್ಡ್ ಅವರಿಗೆ ನೆನಪಾಗಿರಲಿಲ್ಲ.

ಬೇರೇನೂ ಸಿಗಲಿಲ್ಲ. ಡಾಕ್ಟರು ಅದನ್ನೇ ಬರವಣಿಗೆಯಲ್ಲಿ ಕೊಡಿ ಎಂದರು. ಬರೆದುಕೊಟ್ಟೆ. ಲ್ಯಾಬಿನಿಂದ ಸೆಂಟರಿನವರೆಗೆ ರಿಪೋರ್ಟು ಪೂರ್ತಿ ಗುಪ್ತಲಿಪಿಯಲ್ಲಿ ಹೋಗುತ್ತದೆ, ಮಧ್ಯದಲ್ಲಿ ಯಾರೂ ಓದಿಲ್ಲ, ಈಗಿನ ಯಂತ್ರವಾಗಲಿ ಮುಂದೆ ಬರುವ ಯಂತ್ರವಾಗಲಿ ಓದಲಾರದು. ಹೆಮ್ಮೆಯಿಂದ ಸಹಿ ಹಾಕಿದೆ.

ಮೂರನೇ ದಿನ ಡಾಕ್ಟರು ಒಂದು ನೋಟೀಸಿನ ಪ್ರತಿಯನ್ನು ನನಗೂ ಕಳಿಸಿದರು. ಯಂತ್ರದಿಂದ ಸೋರಿಲ್ಲ ಎಂದು ಇಂಜಿನಿಯರ್ ಪ್ರಮಾಣೀಕರಿಸಿರುವುದರಿಂದ, ವಿಷಯ ಸೋರಿರುವುದು ಸಿಬ್ಬಂದಿಯ ಬಾಯಿಂದಲೇ ಎಂದು ತೀರ್ಮಾನಿಸಿ, ಶಹನಾಜ್ ಬೇಗಂ ಅವರನ್ನು ತಿಂಗಳ ಕೊನೆಗೆ ಕೆಲಸದಿಂದ ತೆಗೆಯಲಾಗುವುದು.

ಅದನ್ನು ನಾನು ಎಷ್ಟೋ ಸಲ ಓದಿದೆ. ನನ್ನ ಕೀಲಿ ಎಷ್ಟು ಗಟ್ಟಿಯೋ ಅಷ್ಟು ಅವರ ತಪ್ಪು ಗಟ್ಟಿಯಾಗಿತ್ತು. ಅವರು ಹೇಳಿರಬಹುದು ಎಂದು ಬುದ್ಧಿಗೆ ಅನ್ನಿಸುತ್ತಿತ್ತು. ಆದರೆ "ಯಾರರ ನೋಡಿದ್ರ?" ಎಂದು ಕೇಳಲು ಫೋನ್ ಮಾಡಿದವರು ಅವರು. ತಿಂಗಳು ಮುಗಿಯಲು ಆರು ದಿನ ಇತ್ತು. ಯಾರಿಗೂ ಹೇಳದೆ ಕುಷ್ಟಗಿಯ ಬಸ್ ಹತ್ತಿದೆ.

ಹೋಗಿ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಪೇಷಂಟಿನ ಹಾಗೆ ಸಾಲಿನಲ್ಲಿ ನಿಂತು, ಪರದೆಯ ಹಿಂದೆ ಹೋಗಿ ಕೈ ಚಾಚಿದೆ. ಶಹನಾಜ್ ಅಕ್ಕ ನನ್ನನ್ನು ನೋಡಿ ಒಂದು ಕ್ಷಣ ಸೂಜಿ ಹಿಡಿದುಕೊಂಡೇ ನಿಂತರು.

"ಏನ್ ಟೆಸ್ಟ್ ಮೇಡಂ?"

"ಹಿಮೋಗ್ಲೋಬಿನ್."

ಇಲ್ಲೇ ನೋಡುವ ಪರೀಕ್ಷೆ ಅದು, ಅರ್ಧ ಗಂಟೆಯ ಕೆಲಸ. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ನೋಟೀಸಿನ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಒಬ್ಬ ಅಜ್ಜಿಯ ಪಕ್ಕ ಕೂತೆ. ಎದುರಿನ ಗೋಡೆಯ ಮೇಲೆ ನಲವತ್ತಮೂರು ಇಂಚಿನ ಟಿವಿ. ನೀಲಿ ಹಿನ್ನೆಲೆ, ಬಿಳಿ ಅಕ್ಷರ. ಆ ಬಣ್ಣ ನಾನೇ ಆರಿಸಿದ್ದು. ದೂರದಿಂದ ಚೆನ್ನಾಗಿ ಕಾಣುತ್ತದೆ.

ಬಸವರಾಜ – ಸಕ್ಕರಿ
ಬಸವರಾಜ – ಕಿಡ್ನ್ಯಾಗ ಹರಳು
ಯಲ್ಲವ್ವ – ರಕ್ತ ಕಮ್ಮಿ
ಹುಸೇನಸಾಬ – ಜಾಂಡೀಸು, ಎರಡನೇ ಸಲ
ಶರಣಪ್ಪ – ಸೂಜಿಗೆ ಭಾಳ ಅಂಜ್ತಾನ

ಶರಣಪ್ಪ ಯಾರೆಂದು ಹಾಲಿನಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಆರಡಿ ಎತ್ತರದ ಒಬ್ಬ ಆಸಾಮಿ ತಲೆ ತಗ್ಗಿಸಿಕೊಂಡು ಎದ್ದು ಹೋಗಿ ರಿಪೋರ್ಟು ತಂದ. ಆಮೇಲೆ ಹೊಸ ಸಾಲುಗಳು ಮೂಡಿದವು.

ಲಕ್ಷ್ಮಿ – ಥೈರಾಯ್ಡ್
ಲಕ್ಷ್ಮಿ – ಕಂಪ್ಯೂಟರ್, ಮಾತು ಕಮ್ಮಿ

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಹಿಂದಿನ ಬೆಂಚಿನವನು ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಆಕೆ ನನ್ನ ಕಡೆ ತಿರುಗಿದಳು.

"ಯವ್ವಾ, ನಿನ್ನ ಹೆಸರೂ ಲಕ್ಷ್ಮಿ ಅಂತ ಹೇಳಿದ್ದೆಲ್ಲಾ. ಥೈರಾಯ್ಡ್ ಲಕ್ಷ್ಮಿನೋ, ಮಾತು ಕಮ್ಮಿ ಲಕ್ಷ್ಮಿನೋ?"

ನಾನು ಉತ್ತರ ಕೊಡಲಿಲ್ಲ.

"ಮಾತು ಕಮ್ಮಿ," ಎಂದಳು ಅಜ್ಜಿ ಹಿಂದಿನವನಿಗೆ.

ಆ ಐದು ವಾರ ಗುರುತುಗಳೆಲ್ಲ ನನ್ನ ದಪ್ಪ ಕೀಲಿಯ ಒಳಗೇ, ಹುಟ್ಟದ ಕಳ್ಳನ ಕೈಗೂ ಸಿಗದಂತೆ ಪ್ರಯಾಣ ಮಾಡಿ ಬಂದು, ನಲವತ್ತು ಜನ ಕೂತ ಹಾಲಿನ ಗೋಡೆಯ ಮೇಲೆ ಇಳಿದಿದ್ದವು. ಗೌಡರು ರಕ್ತ ಕೊಟ್ಟು ಹೋಗಿ ರಿಪೋರ್ಟನ್ನು ಡ್ರೈವರನ ಕೈಲಿ ತರಿಸಿಕೊಳ್ಳುವವರು, ಟಿವಿ ನೋಡಿದವರಲ್ಲ. ಅವರ ಹೆಂಡತಿಯ ತಮ್ಮ ಜ್ವರದ ಪರೀಕ್ಷೆಗೆ ಬಂದು ಈ ಬೆಂಚಿನ ಮೇಲೆ ಕೂತಿದ್ದರೆ ಸಾಕಿತ್ತು.

ಹನಮಪ್ಪನನ್ನು ಬಾಗಿಲ ಬಳಿ ಕರೆದು ಕೇಳಿದೆ. "ಇದು ಹಿಂಗ ಕಾಣಸ್ತೈತಿ ಅಂತ ಯಾಕ ಹೇಳಲಿಲ್ಲ?"

"ನೀವ ಹಾಕಿಸೀರಲ್ರಿ ಅಮ್ಮಾರ," ಎಂದ ಅವನು, ನಿಜವಾಗಿಯೂ ಆಶ್ಚರ್ಯಪಟ್ಟು. "ನಾ ಅಂದ್ಕೊಂಡೆ, ಹೊಸಾ ಕಾನೂನ ಇರಬೇಕು ಅಂತ. ಮಂದಿಗೂ ಬೇಷ್ ಅನಸೇತಿ. ಕೆಲವರು ಇದನ್ನ ನೋಡಾಕನ ಬಂದು ಕುಂದರ್ತಾರ."

"ಅಕ್ಕಾಗ ಗೊತ್ತೈತೇನು?"

"ಅಕ್ಕ ಪರದೆ ಹಿಂದ ಇರ್ತಾಳ. ಹೋಗೂ ಬಾಗಿಲಾನೂ ಹಿತ್ತಲ ಕಡೆ. ಟಿವಿ ಮಾರಿ ಅಕಿ ನೋಡೇ ಇಲ್ಲ."

ಶಹನಾಜ್ ಅಕ್ಕನನ್ನು ಕರೆತಂದು ತೋರಿಸಿದೆ. ಕೈಗವಸು ಹಾಕಿಕೊಂಡೇ ಅವರು ಮೇಲಿನಿಂದ ಕೆಳಗಿನವರೆಗೆ ಓದಿದರು; ಎಲ್ಲ ಅವರದೇ ಬರವಣಿಗೆ.

"ಯಾ ಅಲ್ಲಾ. ಇದನ್ನ ನಾ ಬರದೀನಿ."

"ಬರದದ್ದು ನೀವು. ಬರೀರಿ ಅಂದದ್ದು ನಾನು. ಯಾರೂ ನೋಡಂಗಿಲ್ಲ ಅಂದದ್ದೂ ನಾನು. ಗ್ವಾಡಿ ಮ್ಯಾಲ ಹಾಕಿದ್ದೂ ನಾನು."

ಅವರು ಕೈಗವಸು ಬಿಚ್ಚುತ್ತ ಹೇಳಿದರು: "ಮೂರು ವಾರ ಆತು ಮೇಡಂ, ಓಣ್ಯಾಗ ಒಬ್ಬರೂ ನನ್ನ ಮುಂದ ಮಾತಾಡವಲ್ರು. ನಮ್ಮ ತಂಗಿ ಮಗಳ ಹಡದದ್ದು ನನಗ ಕಡೀಗೆ ಗೊತ್ತಾತು. ಶಹನಾಜ್ ಮುಂದ ಹೇಳಬ್ಯಾಡ್ರಿ, ಊರಿಗೆ ಹೇಳ್ತಾಳ ಅಂತಾರ."

ನಾನು ಟಿವಿಯ ವೈರ್ ಕಿತ್ತೆ. ಹಾಲಿನಲ್ಲಿ ಅಸಮಾಧಾನದ ಸದ್ದಾಯಿತು.

ಬಸ್ ಹತ್ತುವ ಮೊದಲು ಯಜಮಾನರಿಗೆ ಫೋನ್ ಮಾಡಿದೆ. ವಿರೂಪಾಕ್ಷಪ್ಪ ಸರ್ ಮೊದಲು ನಕ್ಕರು. ಆಮೇಲೆ ಯೋಚನೆ ಮಾಡಿದರು.

"ನೋಡವಾ ಲಕ್ಷ್ಮಿ, ಇದು ಐದು ನಿಮಿಷದ ಕೆಲಸ. ಗುರುತು ತಗದು ಹೊಸಾ ಬುತ್ತಿ ಕಳಿಸಿಬಿಡು. ಹಳೇದರ ಸುದ್ದಿ ಯಾರಿಗೆ ಬೇಕು? ಡಾಕ್ಟರಿಗೆ ಹೇಳಿದ್ರ ನಾಳೆ ಮೂರೂ ಸೆಂಟರು ಕೈಬಿಡ್ತಾವು. ಐದು ಮಂದಿ ನಾವು ಮನೀಗೆ."

"ಅಕ್ಕನ ನೌಕರಿ ಸರ್?"

"ಅಕಿಗೆ ಬ್ಯಾರೆ ಕಡೆ ಹೇಳೂಣು. ನನಗ ಪರಿಚಯ ಭಾಳ ಐತಿ."

ಮತ್ತೆ ಐತಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಯೋಚಿಸಿದೆ. ಅವರು ಹೇಳಿದ್ದು ಸುಳ್ಳಲ್ಲ. ಹೊಸ ಬುತ್ತಿ ಬಂದ ಮೇಲೆ ಹಳೆಯದರಲ್ಲಿ ಏನಿತ್ತೆಂದು ಯಾರೂ ಕೇಳುವುದಿಲ್ಲ. ನಮ್ಮ ಕಸುಬಿನ ಸೌಕರ್ಯವೇ ಅದು. ಹಳೆಯದನ್ನು ಒಗೆದರೆ ಒಗೆದ ಹಾಗೆ. ಆದರೆ ಓಣಿಯಲ್ಲಿ ಒಬ್ಬರ ಮೇಲೆ ಬಿದ್ದ ಮಾತು ಹಾಗೆ ಬದಲಾಗುವುದಿಲ್ಲ. ಕೊಪ್ಪಳ ಬರುವ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಸರ್ ಮೇಲಲ್ಲ, ಆ ಕಾಗದದ ಕೆಳಗಿದ್ದ ನನ್ನ ಚಂದದ ಸಹಿಯ ಮೇಲೆ.

ಬಸ್ ಸ್ಟ್ಯಾಂಡಿನಿಂದ ಸೀದಾ ಡಾಕ್ಟರ ಕೊಠಡಿಗೆ ಹೋಗಿ, ನಿಂತುಕೊಂಡೇ ಎಲ್ಲ ಹೇಳಿದೆ. ಅಷ್ಟು ಉದ್ದದ ಮಾತನ್ನು ನಾನು ಅವರ ಮುಂದೆ ಆಡಿದ್ದು ಅದೇ ಮೊದಲು. ಅವರು ಮೇಜಿನ ಮೇಲಿದ್ದ ಕಿನ್ನಾಳದ ಕಟ್ಟಿಗೆಯ ಗಿಳಿಯನ್ನು ಒಂದು ಸುತ್ತು ತಿರುಗಿಸಿಟ್ಟರು.

"ಕೀಲಿ ಭಾಳ ಛಲೋ ಐತಿ ಅಂತ ಬರದು ಸಹಿ ಮಾಡೀರಲ್ರಿ?"

"ಕೀಲಿ ಛಲೋ ಐತ್ರಿ ಸರ್. ಬಾಗಿಲಾ ನಾನ ತಗದಿಟ್ಟಿದ್ದೆ. ಆ ಕಾಗದ ವಾಪಸ್ ತಗೋತೀನಿ. ಬಸ್ಸಿನಾಗ ಬ್ಯಾರೆ ಬರದು ತಂದೀನಿ."

ಅವರು ಓದಿದರು. ನಮ್ಮ ಕಚೇರಿಯನ್ನು ಕೈಬಿಡುತ್ತೇನೆ ಎನ್ನಲಿಲ್ಲ, ಬಿಡುವುದಿಲ್ಲ ಎನ್ನಲೂ ಇಲ್ಲ. ಫೋನ್ ತೆಗೆದು ಕುಷ್ಟಗಿಗೆ ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

"ಶಹನಾಜ್, ತಪ್ಪು ನಿಂದಲ್ಲಂತ. ನೋಟೀಸು ಮರತುಬಿಡು. ಸೋಮವಾರದಿಂದ ಯಥಾಪ್ರಕಾರ ಕೆಲಸ ಮಾಡು."

ಅಕ್ಕ ಫೋನ್ ಇಡಲಿಲ್ಲ.

"ಸರ, ತಗೀತೀವಿ ಅಂತ ಬರದು ಕೊಟ್ಟಿದ್ರಿ. ತಪ್ಪಿಲ್ಲ ಅಂತನೂ ಬರದು ಕೊಡ್ರಿ. ಸಿಕ್ಕಾ ಹಾಕಿ."

"ಯಾಕ, ನನ್ನ ಮಾತಿನ ಮ್ಯಾಲ ನಂಬಿಕಿ ಇಲ್ಲೇನು?"

"ನನಗೈತ್ರಿ. ಕುಷ್ಟಗಿ ಮಂದಿಗೆ ನಿಮ್ಮ ಮಾತು ಕೇಳಸಂಗಿಲ್ಲಲ್ರಿ."

ಡಾಕ್ಟರು ನನ್ನನ್ನು ನೋಡಿದರು. ನಾನು ಗಿಳಿಯನ್ನು ನೋಡಿದೆ. ಅವರು ಲೆಟರ್‌ಹೆಡ್ಡನ್ನೂ ಮೊಹರನ್ನೂ ಎಳೆದುಕೊಂಡರು. ನನಗೆ ಶಿಕ್ಷೆಯನ್ನೂ ಅವತ್ತೇ ಗೊತ್ತುಮಾಡಿದರು: ಹೊಸ ಏರ್ಪಾಡು ಸರಿಯಾಗುವವರೆಗೆ ನಾನು ಕುಷ್ಟಗಿಯ ಹಾಲಿನಲ್ಲೇ ಕೂತು ಕೆಲಸ ಮಾಡಬೇಕು, ರಿಪೋರ್ಟು ಬಂದವರ ಬಳಿಗೆ ಹೋಗಿ ಮೆಲ್ಲಗೆ ಹೇಳುವವಳೂ ನಾನೇ. ವಿರೂಪಾಕ್ಷಪ್ಪ ಸರ್ ಎರಡು ವಾರ ನನ್ನ ಜೊತೆ ಮಾತು ಬಿಟ್ಟರು. ಒಪ್ಪಂದ ಉಳಿಯಿತೆಂದು ಖಾತ್ರಿಯಾದ ಮೇಲೆ, ಸತ್ಯ ಹೇಳುವುದು ನಮ್ಮ ಕಚೇರಿಯ ಮೊದಲಿನಿಂದಲೂ ಇರುವ ಪದ್ಧತಿ ಎಂದು ಬೇರೆ ಗಿರಾಕಿಗಳಿಗೆ ಹೇಳತೊಡಗಿದರು.

ಗುರುತಿನ ಖಾನೆಗೆ ದಾರಿ ತೋರಿಸಿದವರು ಶಹನಾಜ್ ಅಕ್ಕನೇ. "ಅವರ ಗುರುತು ಅವರ ಹೇಳಲಿ ಬಿಡ್ರಿ, ಮನಸಿಗೆ ಬಂದ ಒಂದು ಶಬ್ದ," ಎಂದರು. ಹಾಗೆ ಮಾಡಿದೆವು. ಜನ ಎತ್ತಿನ ಹೆಸರು, ಮೊಮ್ಮಗಳ ಹೆಸರು, ಬಿಟ್ಟ ಊರಿನ ಹೆಸರು ಹೇಳಿದರು. ನಾಲ್ಕು ವರ್ಷದಲ್ಲಿ ಎರಡು ಶಬ್ದ ಡಿಕ್ಕಿಯಾದದ್ದು ಒಮ್ಮೆ ಮಾತ್ರ, ಅದೂ ಅಣ್ಣತಮ್ಮಂದಿರದು, ಒಂದೇ ಎತ್ತು.

ಆ ಸೋಮವಾರ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಗೋಡೆಯಿಂದ ಟಿವಿ ಇಳಿಸಿದ್ದರು. ಡಾಕ್ಟರ ಪತ್ರಕ್ಕೆ ಶಹನಾಜ್ ಅಕ್ಕ ಗಾಜು ಹಾಕಿಸಿ ತಂದಿದ್ದರು. ಹನಮಪ್ಪ ಸ್ಟೂಲ್ ಹತ್ತಿ ಅದನ್ನು ಟಿವಿ ಇದ್ದ ಜಾಗದ ಮೊಳೆಗೆ ತೂಗುಹಾಕಿ, ಕೆಳಗಿಳಿದು, ಓದಲು ಬಾರದವರಿಗಾಗಿ ಪಂಚಾಯಿತಿಯಲ್ಲಿ ಓದುವ ಹಾಗೆ ದೊಡ್ಡ ದನಿಯಲ್ಲಿ ಓದಿದ. ರೋಗಿಗಳ ವಿಷಯ ಹೊರಬಂದದ್ದು ಶಹನಾಜ್ ಬೇಗಂ ಅವರಿಂದ ಅಲ್ಲ. ಅವರು ಹದಿನೇಳು ವರ್ಷ ಒಬ್ಬರ ಗುಟ್ಟನ್ನೂ ಬಿಟ್ಟುಕೊಟ್ಟಿಲ್ಲ. ತಪ್ಪು ಸಾಫ್ಟ್‌ವೇರ್ ಮಾಡಿದ ಇಂಜಿನಿಯರ್ ಲಕ್ಷ್ಮಿ ಅವರದು. ಹೆಸರಿನ ಹತ್ತಿರ ಅವನು ಇನ್ನಷ್ಟು ಗಟ್ಟಿಯಾಗಿ ಓದಿದ. ಕಡೆಗೆ ಸಿಕ್ಕಾ ಇರುವುದನ್ನೂ ಹೇಳಿದ.

ಶಹನಾಜ್ ಅಕ್ಕ ಪರದೆಯನ್ನು ಅರ್ಧ ಸರಿಸಿ ನಿಂತು ಕೇಳುತ್ತಿದ್ದರು. ನಾನು ಮೂಲೆಯ ಬೆಂಚಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಿದ್ದೆ.

ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಕೇಳಿದಳು: "ಯಾವ ಲಕ್ಷ್ಮಿ ಅಕಿ?"

ಹನಮಪ್ಪ ಬಾಯಿ ತೆರೆದವನು ಡಾಕ್ಟರ ಹೊಸ ಆಜ್ಞೆ ನೆನಪಾಗಿ ಮುಚ್ಚಿದ. ಯಾರ ಗುರುತನ್ನೂ ಹಾಲಿನಲ್ಲಿ ಹೇಳಬಾರದು. ಹಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅವತ್ತೂ ಅಲ್ಲಿ ಮೂವರು ಲಕ್ಷ್ಮಿಯರಿದ್ದರು.

ನಾನು ಕೈ ಎತ್ತಿದೆ.